ಹಿಂದಿನ ಚಕ್ರದ ಜಾಳಿಗೆ

ಜೈತಾಳಾ, ನಾಗಪುರ
೯ ಡಿಸೆಂಬರ್ ೨೦೨೪, ಸೋಮವಾರ

ಪ್ರೀತಿಯ ನಂದೀಶಾ,

ಹೇಗಿದ್ದೀಯಪ್ಪಾ? ಹಿಮಾಚಲದಲ್ಲಿ ಹಿಮ ಬೀಳಲು ಶುರುವಾಗಿದೆ ಎಂದು ಟೀವಿಯಲ್ಲಿ ತೋರಿಸುತ್ತಿದ್ದರು. ಸುರಂಗದೊಳಗೆ ಕೆಲಸ ಮಾಡುವವರಿಗೆ ಹೊರಗಿನ ಚಳಿ ತಟ್ಟುವುದಿಲ್ಲ ಎಂದು ನೀನು ಹೇಳುತ್ತಿದ್ದೆ. ಆದರೂ ಪಾಳಿ ಮುಗಿಸಿ ಬೆವರಿದ ಮೈಯಲ್ಲಿ ಹೊರಗೆ ಬರುವಾಗ ಎದೆ ಮುಚ್ಚಿಕೊಂಡು ಬಾ. ಚಿಕ್ಕವನಿದ್ದಾಗ ನಿನಗೆ ಎರಡು ಸಲ ನ್ಯುಮೋನಿಯಾ ಆಗಿತ್ತು, ಆ ಎದೆ ಇನ್ನೂ ಅದೇ ಎದೆ. ನನ್ನ ಮೊಣಕಾಲು ಎಂದಿನಂತೆ ಇದೆ. ನಿನ್ನ ಅವ್ವ ಆರಾಮ ಇದ್ದಾಳೆ, ಬಿ.ಪಿ. ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ, ಊಟ ನಿದ್ದೆ ಎರಡೂ ಸರಿಯಾಗಿವೆ. ಅದನ್ನು ನೋಡಿದಾಗಲೆಲ್ಲ ನನಗೆ ಆಶ್ಚರ್ಯವಾಗುತ್ತದೆ.

ಫೋನು ಬಿಟ್ಟು ಅಪ್ಪ ಕಾಗದ ಯಾಕೆ ಬರೆದ ಎಂದುಕೊಳ್ಳುತ್ತೀಯ. ಫೋನಿನಲ್ಲಿ ನಿನ್ನ ಅವ್ವ ಪಕ್ಕದಲ್ಲೇ ಕುಳಿತಿರುತ್ತಾಳೆ. ಅಲ್ಲದೆ ನನಗೆ ಮಾತು ಬರುವುದು ತಡ. ಮೂವತ್ತೆಂಟು ವರ್ಷ ರೈಲ್ವೆ ಶೆಡ್ಡಿನ ಗದ್ದಲದಲ್ಲಿ ದುಡಿದವನು, ಬಾಯಿಗಿಂತ ಕೈಯೇ ನನಗೆ ಹತ್ತಿರ. ನೀನು ಮರಾಠಿ ಶಾಲೆಯಲ್ಲಿ ಓದಿದವನು, ನಾನು ಕಲಿಸಿದ ಕನ್ನಡ ಅಕ್ಷರಗಳನ್ನು ಈಗಲೂ ಕೂಡಿಸಿ ಕೂಡಿಸಿ ಓದುತ್ತೀಯ. ಇದನ್ನೂ ಹಾಗೆಯೇ ಓದು. ಬೇಗ ಓದಿ ಮುಗಿಸುವ ಕಾಗದವಲ್ಲ ಇದು. ನಿನಗೆ ನಿನ್ನ ಅವ್ವನ ಬಾಯಿಂದ ತುಂಡು ತುಂಡಾಗಿ ತಿಳಿದಿರುವುದನ್ನು ನಾನು ಕಂಡ ಕ್ರಮದಲ್ಲಿ, ಮೊದಲಿನಿಂದ ಬರೆಯುತ್ತೇನೆ.

ಆಗಸ್ಟಿನಲ್ಲಿ ನಿನ್ನ ಹೆಂಡತಿ ಅಮೂಲ್ಯಾಗೆ ಹಿಂಗಣಾದ ಮಸಾಲೆ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತಲ್ಲ, ಅವತ್ತು ನಿನ್ನ ಅವ್ವ ಒಲ್ಲೆ ಎನ್ನಲಿಲ್ಲ. "ನಮ್ಮ ಮನಿ ಸೊಸಿ ಪಂಜಾಬಿ ಡ್ರೆಸ್ ಹಾಕ್ಕೊಂಡು ಕಾರ್ಖಾನಿಗೆ ಹೋಗಂಗಿಲ್ಲ. ಸೀರಿ ಉಟ್ಟು ಹೋಗೂದಿದ್ರ ಹೋಗ್ಲಿ" ಎಂದಳು. ಹುಡುಗಿ ಬೇಸತ್ತು ತಾನೇ ಬಿಡುತ್ತಾಳೆ ಎಂದು ಅವಳ ಲೆಕ್ಕ. ಅಮೂಲ್ಯಾ ಒಂದು ಕ್ಷಣವೂ ಯೋಚಿಸದೆ "ಆತ್ರೀ ಅತ್ಯಾರ" ಎಂದಳು. ಆಮೇಲೆ ಹೋಗುವುದು ಹೇಗೆ ಎಂಬ ಮಾತು ಬಂತು. ಶೇರ್ ಆಟೋದಲ್ಲಿ ಕಾರ್ಖಾನೆಯ ಗಂಡಸರ ಮೈಗೆ ಮೈ ತಾಗಿಸಿ ಕೂರುವುದು ಬೇಡ ಎಂದಾಯಿತು. ನಿನ್ನ ಸ್ಕೂಟರ್ ಅಂಗಳದಲ್ಲಿ ಬಟ್ಟೆ ಹೊದ್ದು ನಿಂತಿತ್ತು, ಕೀಲಿ ಮಾತ್ರ ನಿನ್ನ ಅವ್ವನ ಸೊಂಟದಲ್ಲಿ. ಕೊಡಬೇಡ ಎಂದು ಹೇಳಿದವನು ನೀನೇ ಎಂದು ಅವಳು ಹೇಳಿದಳು. ಸ್ಕೂಟರ್ ಕಲಿತವಳು ಮನೆಯಲ್ಲಿ ನಿಲ್ಲುವುದಿಲ್ಲ ಎಂದೆಯಂತೆ. ಮೂರು ವಾರ ಹುಡುಗಿ ಹೆದ್ದಾರಿಯವರೆಗೆ ನಡೆದು, ಸಿಟಿ ಬಸ್ಸು ಹಿಡಿದು, ಇಳಿದ ಮೇಲೆ ಲಾರಿಗಳ ನಡುವೆ ಮತ್ತೆ ಎರಡು ಕಿಲೋಮೀಟರು ನಡೆದಳು. ಸಂಜೆ ಬಂದವಳ ಸೀರೆಯ ಅಂಚು ಮೊಣಕಾಲವರೆಗೆ ಕೆಸರಾಗಿರುತ್ತಿತ್ತು. ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು ಒಡೆದಿದ್ದನ್ನು ನಾನು ನೋಡಿದೆ. ಆಗ ಸೈಕಲ್ ಕೊಡಿಸುವ ಯೋಚನೆ ಬಂದದ್ದು ನನಗೆ. ಅವಳು ಕೇಳಿರಲಿಲ್ಲ, ಇದನ್ನು ನೆನಪಿಟ್ಟುಕೋ.

ಎತ್ತುಗಳ ಹಬ್ಬ ಪೋಳಾದ ಹಿಂದಿನ ದಿನ, ಭಾನುವಾರ, ನಾನೂ ಅಮೂಲ್ಯಾಳೂ ಸೀತಾಬರ್ಡಿ ಪೇಟೆಗೆ ಹೋದೆವು. ಮೊದಲು ಹೊಕ್ಕ ಗಾಜಿನ ಅಂಗಡಿಯಲ್ಲಿ ಎಲ್ಲವೂ ಗೇರಿನ ಸೈಕಲ್ಲುಗಳು. ಮಡ್‌ಗಾರ್ಡ್ ಇಲ್ಲ, ಚೈನಿಗೆ ಕವರ್ ಇಲ್ಲ, ಹ್ಯಾಂಡಲ್ ಹಿಡಿದರೆ ಮೈ ಮುಂದಕ್ಕೆ ಬಾಗಿ ಹೊಟ್ಟೆ ಮಡಚಬೇಕು. ಸೀರೆ ಉಟ್ಟು ಓಡಿಸಬೇಕು ಎಂದು ಅಮೂಲ್ಯಾ ಹಿಂದಿಯಲ್ಲಿ ಹೇಳಿದಾಗ ಅಲ್ಲಿದ್ದವನು ನಕ್ಕ. ಕೂಡಲೇ ಹೊರಗೆ ಬಂದೆವು. ಎರಡು ಗಲ್ಲಿ ದಾಟಿ ನರಹರಿ ಭಾವು ಎಂಬ ಮುದುಕನ ಹಳೆಯ ಅಂಗಡಿಗೆ ಹೋದೆವು. ಅವನಿಗೆ ಎಪ್ಪತ್ತು ದಾಟಿದೆ, ದಪ್ಪ ಕನ್ನಡಕ. ಸೈಕಲ್ಲನ್ನೇ ತೋರಿಸದೆ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, "ಸೈಕಲ್ ಬಾದ್ ಮೇ. ಪೆಹಲೇ ಬೋಲೋ ಬೇಟೀ, ರೋಜ್ ಕ್ಯಾ ಪೆಹನ್ತೀ ಹೋ?" ಎಂದ. ದಿನಾ ಏನು ಉಡುತ್ತಾಳೆ, ಕಾಲಿಗೆ ಚಪ್ಪಲಿಯೋ ಬೂಟೋ, ಕೈಯಲ್ಲಿ ಏನೇನು ಹಿಡಿದು ಹೋಗುತ್ತಾಳೆ, ದಾರಿ ಎಂಥದ್ದು, ಎಲ್ಲವನ್ನೂ ವೈದ್ಯನ ಹಾಗೆ ಕೇಳಿದ. ಉಡುಪಿಗೆ ತಕ್ಕಂತೆ ಸೈಕಲ್ ಇರಬೇಕೇ ಹೊರತು ಸೈಕಲ್ಲಿಗಾಗಿ ಉಡುಪು ಬದಲಿಸುವುದು ಎಂಥ ಹುಚ್ಚು ಎಂಬುದು ಅವನ ವಾದ. ನನಗೆ ಆ ಮನುಷ್ಯ ಬಹಳ ಹಿಡಿಸಿದ.

ನಿನಗೆ ನಗು ಬರಬಹುದು, ಆದರೆ ಅಷ್ಟು ಸಂತೋಷದ ಮಧ್ಯಾಹ್ನ ನನಗೆ ರಿಟೈರ್ ಆದ ಮೇಲೆ ಸಿಕ್ಕಿರಲಿಲ್ಲ. ನಡುವಿನ ಬಾರ್ ಕೆಳಕ್ಕೆ ಬಾಗಿದ್ದು ಆರಿಸಿದೆವು, ನೆರಿಗೆ ಎತ್ತದೆ ಕಾಲು ದಾಟಿಸಬಹುದು. ಹ್ಯಾಂಡಲ್ ಎತ್ತರದ್ದು, ಬೆನ್ನು ನೆಟ್ಟಗೆ ನಿಲ್ಲುತ್ತದೆ, ರಸ್ತೆ ಚೆನ್ನಾಗಿ ಕಾಣುತ್ತದೆ. ಚೈನನ್ನು ಪೂರ್ತಿ ಮುಚ್ಚುವ ಡಬ್ಬಿಯಂಥ ಕವರ್, ಎಣ್ಣೆಯ ಕಲೆ ಸೀರೆಗೆ ಹತ್ತುವುದಿಲ್ಲ. ಹಿಂಗಣಾ ರಸ್ತೆಯ ಗುಂಡಿಗಳಿಗೆ ದಪ್ಪ ಟಯರು, ಸ್ಪ್ರಿಂಗಿನ ಅಗಲ ಸೀಟು, ಚಪ್ಪಲಿ ಜಾರದ ರಬ್ಬರ್ ಪೆಡಲು, ಮುಂದೆ ಬುಟ್ಟಿ, ಹಿಂದೆ ಕ್ಯಾರಿಯರ್. ಎಲ್ಲಕ್ಕಿಂತ ಮುಖ್ಯವಾಗಿ ಹಿಂದಿನ ಚಕ್ರದ ಎರಡೂ ಬದಿಗೆ ತಂತಿಯ ಜಾಳಿಗೆ. ಸೆರಗಾಗಲಿ ನೆರಿಗೆಯಾಗಲಿ ಕಡ್ಡಿಗಳೊಳಗೆ ಹೋಗದಂತೆ ತಡೆಯುವುದು ಅದು. ಅದನ್ನು ನರಹರಿ ಭಾವು ತನ್ನ ಕೈಯಾರೆ ಕೂರಿಸಿ, ಒಂದೊಂದು ಸ್ಕ್ರೂವನ್ನೂ ಎರಡೆರಡು ಸಲ ಬಿಗಿ ಮಾಡಿದ. ಅಮೂಲ್ಯಾ ಗಲ್ಲಿಯಲ್ಲಿ ಮೂರು ಸುತ್ತು ಹೊಡೆದಳು. ಗದಗಿನಲ್ಲಿ ಕಾಲೇಜಿಗೆ ಹೋಗುವಾಗ ಓಡಿಸಿದ್ದಷ್ಟೇ ಅಂತೆ. ಮೂರನೆಯ ಸುತ್ತಿಗೆ ಬೆಲ್ ಬಾರಿಸುತ್ತ ಬಂದು, "ಮಾವಾರ, ಸೀರಿ ಎಲ್ಲೂ ತಾಕವಲ್ದು ನೋಡ್ರಿ!" ಎಂದು ಕೂಗಿದಳು. ಅಕ್ಕಪಕ್ಕದ ಅಂಗಡಿಯವರು ತಿರುಗಿ ನೋಡಿದರು. ನಿನ್ನ ಮದುವೆಯಾಗಿ ಎರಡು ವರ್ಷವಾದರೂ ಆ ಹುಡುಗಿಯ ದನಿ ಅಷ್ಟು ದೊಡ್ಡದು ಎಂದು ನನಗೆ ಗೊತ್ತಿರಲಿಲ್ಲ.

ಎರಡು ತಿಂಗಳು ಅವಳು ಓಡಿಸಿದಳು. ಬೆಳಿಗ್ಗೆ ಎಂಟೂ ಹತ್ತಕ್ಕೆ ಮನೆ ಬಿಟ್ಟರೆ ಕಾರ್ಖಾನೆಯ ಸೈರನ್ನಿಗೆ ಮುಂಚೆ ಲ್ಯಾಬಿನಲ್ಲಿ. ಉಟ್ಟ ಸೀರೆ ಉಟ್ಟ ಹಾಗೆಯೇ ಸಂಜೆ ವಾಪಸು. ಭಾನುವಾರ ನಾನು ಎಣ್ಣೆ ಬಿಡುವಾಗ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಮೆಣಸಿನಪುಡಿಯಲ್ಲಿ ಕಲಬೆರಕೆ ಹೇಗೆ ಕಂಡುಹಿಡಿಯುವುದು ಎಂದು ನನಗೆ ಪಾಠ ಹೇಳುತ್ತಿದ್ದಳು. ಆ ಖುಷಿಯೇ ನಿನ್ನ ಅವ್ವನಿಗೆ ಆಗಿ ಬರಲಿಲ್ಲ. ಎದುರುಮನೆಯ ಮೃಣಾಲಿನಿ ಬಾಯಿ ಒಂದು ದಿನ "ಯಲ್ಲಮ್ಮಾ, ನಿಮ್ಮ ಸೊಸೆ ರಾಣಿ ಥರ ಹೋಗ್ತಾಳೆ" ಎಂದು ಮೆಚ್ಚಿ ಆಡಿದ ಮಾತು ಮನೆಯೊಳಗೆ ಬೆಂಕಿಯಾಯಿತು. ಸೈಕಲ್ ತುಳಿಯುವ ಶಕ್ತಿ ಇದ್ದವಳಿಗೆ ರೊಟ್ಟಿ ಬಡಿಯುವ ಶಕ್ತಿಯೂ ಇರಬೇಕು ಎಂದು ನಿನ್ನ ಅವ್ವ, ಅವಳು ಹೊರಡುವ ಮುಂಚೆ ಅವಳ ಕೈಲಿ ಮೂವತ್ತು ರೊಟ್ಟಿ ಮಾಡಿಸಲು ಶುರು ಮಾಡಿದಳು. ನಾವಿರುವುದು ಮೂರೇ ಜನ. ಉಳಿದ ರೊಟ್ಟಿ ಹಸುವಿಗೆ ಹೋಗುತ್ತಿದ್ದವು. ಬೆಳಗಾಗುವಷ್ಟರಲ್ಲಿ ಸೈಕಲ್ಲಿನ ಗಾಳಿ ಇಳಿದಿರುತ್ತಿತ್ತು. ಅಮೂಲ್ಯಾ ಪಂಪು ಹೊಡೆದುಕೊಂಡು ಹೋಗುತ್ತಿದ್ದಳು. ನಾಲ್ಕು ದಿನದ ನಂತರ ಪಂಪೂ ಕಾಣೆಯಾಯಿತು. ಅವಳು ಸೈಕಲ್ಲನ್ನು ಮೂಲೆಯ ಪಂಕ್ಚರ್ ಅಂಗಡಿಯವರೆಗೆ ತಳ್ಳಿಕೊಂಡು ಹೋಗಿ ಗಾಳಿ ಹಾಕಿಸಿಕೊಂಡು, ಹಾಗೆಯೇ ಕೆಲಸಕ್ಕೆ ಹೋದಳು. ನಾನು ಇದೆಲ್ಲವನ್ನೂ ವರಾಂಡದಲ್ಲಿ ಪೇಪರ್ ಹಿಡಿದು ಕುಳಿತು ನೋಡುತ್ತಿದ್ದೆ.

ಆಮೇಲೆ ಪ್ರವೀಣನ ಹೆಸರು ಬಂತು. ಅದೇ ಲ್ಯಾಬಿನವನು, ನಮ್ಮ ಬಡಾವಣೆಯವನೇ, ಅವನದೂ ಸೈಕಲ್ಲೇ. ಅವನ ಹೆಂಡತಿ ಈಗ ಏಳು ತಿಂಗಳ ಬಸುರಿ. ಒಂದೇ ದಾರಿ, ಒಂದೇ ಹೊತ್ತು, ಹಿಂದೆ ಮುಂದೆ ಹೋಗುತ್ತಿದ್ದರು. ಗುಡಿಯಲ್ಲಿ ಯಾರೋ ಏನೋ ಅಂದರು. ನಿನ್ನ ಅವ್ವ ಅದಕ್ಕೆ ತನ್ನದನ್ನೂ ಸೇರಿಸಿ ನಿನಗೆ ಹೇಳಿದಳು. ನೀನು ಕೆಲಸ ಬಿಡು ಎಂದೆ. ಅಮೂಲ್ಯಾ ಫೋನಿನಲ್ಲಿ, ನನ್ನ ಎದುರಿಗೇ, "ಏನ್ ತಪ್ ಮಾಡೀನಿ ಅಂತ ಬಿಡ್ಲಿ?" ಎಂದು ಕೇಳಿದಳು. ನೀನು ಫೋನು ಕಟ್ ಮಾಡಿದೆ.

ಈಗ ಬರೆಯುವುದನ್ನು ನಿಧಾನವಾಗಿ ಓದು. ನವೆಂಬರ್ ಹದಿಮೂರು, ಬುಧವಾರ ಸಂಜೆ, ಅಮೂಲ್ಯಾ ಇನ್ನೂ ಬಂದಿರಲಿಲ್ಲ. ನಾನು ಒಳಕೋಣೆಯಲ್ಲಿ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೆ. ನಿನ್ನ ಅವ್ವ ಹಾಲಿನಲ್ಲಿ ಸ್ಪೀಕರ್ ಹಾಕಿ ನಿನ್ನ ಜೊತೆ ಮಾತಾಡುತ್ತಿದ್ದಳು. ನಾನು ನಿದ್ದೆಯಲ್ಲಿದ್ದೇನೆ ಎಂದುಕೊಂಡಿದ್ದಳೇನೋ. ನೀನು ಹೇಳಿದೆ, "ಆ ಸೈಕಲ್ಲಿಗಿರೋ ಜಾಳಿಗಿ ಬಿಚ್ಚಿ ಒಗಿಯವ್ವಾ. ಒಂದ್ಸಲ ಸೀರಿ ಸಿಕ್ಕು ಬಿದ್ದ್ಲು ಅಂದ್ರ ತಾನ ಬಿಡ್ತಾಳ." ನಿನ್ನ ಅವ್ವ, "ಹೆಚ್ಚು ಕಡಿಮಿ ಆದ್ರ?" ಎಂದಳು. ನೀನು ನಕ್ಕೆ. "ಸೈಕಲ್ ಮ್ಯಾಲಿಂದ ಬಿದ್ದು ಯಾರ್ ಸತ್ತಾರ ಬಿಡವ್ವಾ" ಎಂದೆ. ಅವಳೂ ನಕ್ಕಳು. ಆ ನಗು ನನಗೆ ಚೆನ್ನಾಗಿ ಕೇಳಿಸಿತು. ಬಾಯಿಗೆ ಬಂದದ್ದು ಆಡುತ್ತಾರೆ, ಮಾಡುವವರಲ್ಲ ಎಂದುಕೊಂಡು ಇನ್ನೊಂದು ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡೆ.

ಶುಕ್ರವಾರ ಬೆಳಿಗ್ಗೆ ನಿನ್ನ ಅವ್ವ ರೊಟ್ಟಿ ತಾನೇ ಬಡಿದಳು. ಟ್ರಂಕಿನಿಂದ ತನ್ನ ಮದುವೆಯ ಕಾಲದ ಇಳಕಲ್ ಸೀರೆ ತೆಗೆದು ಅಮೂಲ್ಯಾಳ ಕೈಗೆ ಕೊಟ್ಟು, "ಶುಕ್ರವಾರ ಐತಿ, ಇದನ್ನ ಉಟ್ಕೊಂಡು ಹೋಗವ್ವಾ" ಎಂದಳು. ಎರಡು ವರ್ಷದಲ್ಲಿ ಒಂದು ರವಿಕೆ ಕಣ ಕೊಟ್ಟವಳಲ್ಲ. ಹುಡುಗಿ ಸೀರೆ ಉಟ್ಟು ಬಂದು ಅವಳ ಕಾಲಿಗೆ ಬಿದ್ದಳು. ಕಣ್ಣಲ್ಲಿ ನೀರಿತ್ತು. ಸೆರಗು ಉದ್ದವಾಗಿತ್ತು, ಬೆನ್ನ ಹಿಂದೆ ಮೊಣಕಾಲಿನವರೆಗೆ ಇಳಿದಿತ್ತು. ಅಷ್ಟರಲ್ಲಿ ನಿನ್ನ ಅವ್ವ ಸೈಕಲ್ಲನ್ನು ತಾನೇ ತಳ್ಳಿ ತಂದು ಗೇಟಿಗೆ ಮುಖ ಮಾಡಿ ನಿಲ್ಲಿಸಿದ್ದಳು. "ಗಾಳಿ ನೋಡೀನಿ, ಬರೋಬರ್ ಐತಿ" ಎಂದಳು. ಅಮೂಲ್ಯಾ ಒಂದು ಕೈಯಲ್ಲಿ ನೆರಿಗೆ, ಒಂದು ಕೈಯಲ್ಲಿ ಚೀಲ ಹಿಡಿದು ಓಡೋಡಿ ಬಂದಳು. ಚಕ್ರದ ಕಡೆ ನೋಡಲಿಲ್ಲ. ಯಾಕೆ ನೋಡುತ್ತಾಳೆ?

ನಾನು ನೋಡಿದೆ. ಗೇಟು ತೆಗೆಯಲು ಎದ್ದವನು ನೋಡಿದೆ. ಹಿಂದಿನ ಚಕ್ರದ ಕಡ್ಡಿಗಳು ಎರಡೂ ಕಡೆ ಬರಿದಾಗಿದ್ದವು. ಸ್ಕ್ರೂ ಇದ್ದ ಜಾಗದಲ್ಲಿ ಬಣ್ಣ ಕಿತ್ತು ಕಬ್ಬಿಣ ಹೊಳೆಯುತ್ತಿತ್ತು. ನಾನು ತಲೆಯೆತ್ತಿದಾಗ ನಿನ್ನ ಅವ್ವ ನನ್ನನ್ನೇ ನೋಡುತ್ತಿದ್ದಳು. "ಗೇಟ್ ತಗೀರಿ, ಹೊತ್ತಾಗ್ತೈತಿ ಆಕಿಗೆ" ಎಂದಳು. ನಾನು ಗೇಟು ತೆಗೆದೆ. "ಅತ್ಯಾರ ತಾವ ಸೈಕಲ್ ತಂದು ಕೊಟ್ರು ನೋಡ್ರಿ ಮಾವಾರ" ಎಂದು ಅಮೂಲ್ಯಾ ನಕ್ಕಳು. ನಾನು "ಸಾವಕಾಶ ಹೋಗವ್ವಾ" ಎಂದೆ. ಅಷ್ಟೇ ಅಂದೆ. ಯಾಕೆ ಸುಮ್ಮನಿದ್ದೆ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ದೊಡ್ಡ ಕಾರಣ ಏನೂ ಇಲ್ಲ. ಬೆಳಿಗ್ಗೆ ಬೆಳಿಗ್ಗೆ ಜಗಳ ಬೇಡವಾಗಿತ್ತು. ಐದೂವರೆ ಕಿಲೋಮೀಟರು, ಏನಾಗುತ್ತದೆ, ಸಂಜೆ ನಿನ್ನ ಅವ್ವ ಗುಡಿಗೆ ಹೋದಾಗ ಮತ್ತೆ ಕೂರಿಸಿದರಾಯಿತು ಎಂದುಕೊಂಡೆ. ಅವಳು ತಿರುವಿನಲ್ಲಿ ಮರೆಯಾಗುವವರೆಗೂ ನಿಂತು ನೋಡಿದೆ. ಸೆರಗು ಗಾಳಿಗೆ ಹಾರುತ್ತಿತ್ತು.

ಮುಂದಿನದನ್ನು ಪ್ರವೀಣ ಹೇಳಿದ, ಅವನು ಹಿಂದೆಯೇ ಇದ್ದ. ಕಾರ್ಖಾನೆಗಳ ರಸ್ತೆಗೆ ತಿರುಗುವ ಕಡೆ ಒಂದು ಲಾರಿ ಸದ್ದು ಮಾಡುತ್ತ ಪಕ್ಕದಲ್ಲಿ ಹಾದುಹೋಯಿತು, ಗಾಳಿಗೆ ಸೆರಗು ಚಕ್ರದೊಳಗೆ ಹೋಯಿತು. ಚಕ್ರ ಎರಡು ಸುತ್ತು ತಿರುಗುವಷ್ಟರಲ್ಲಿ ಅವಳನ್ನು ಹಿಂದಕ್ಕೆ ಎಳೆಯಿತು. ಅವಳು ಒಂದು ಕೈ ಹಿಂದೆ ಹಾಕಿ ಸೆರಗು ಎಳೆದುಕೊಳ್ಳಲು ಹೋದಳು, ಚಕ್ರ ಇನ್ನೂ ತಿರುಗುತ್ತಿತ್ತು. ಬಲಗೈ ಕಡ್ಡಿಗಳ ನಡುವೆ ಸಿಕ್ಕಿದ್ದಂತೆಯೇ ಸೈಕಲ್ ಸಮೇತ ರಸ್ತೆಗೆ ಬಿದ್ದಳು. ಸೊಂಟದ ಮೂಳೆ ಬಿರುಕು ಬಿಟ್ಟಿತು. ಪ್ರವೀಣ ಸ್ಯಾಂಪಲ್ ಪ್ಯಾಕೆಟ್ ಕತ್ತರಿಸುವ ಬ್ಲೇಡಿನಿಂದ ಸೀರೆ ಕೊಯ್ದು ಬಿಡಿಸಿದನಂತೆ. ಮಧ್ಯದ ಬೆರಳು, ಉಂಗುರದ ಬೆರಳು, ಎರಡನ್ನೂ ಡಾಕ್ಟರು ಉಳಿಸಲಾಗಲಿಲ್ಲ. ಇದು ನಿನಗೆ ಗೊತ್ತು. ನಿನಗೆ ಗೊತ್ತಿಲ್ಲದ್ದು ಇದು: ಆಸ್ಪತ್ರೆಗೆ ಬಂದ ನಿನ್ನ ಅವ್ವ ಪ್ರವೀಣನನ್ನು ಕೇಳಿದ ಮೊದಲ ಮಾತು, "ಸೀರಿ ಕೊಯ್ದೀಯೇನು?" ಆಮೇಲೆ ನಿನಗೆ ಫೋನು ಹಚ್ಚಿ ಅಮೂಲ್ಯಾಳ ಕಿವಿಯ ಹತ್ತಿರ ಹಿಡಿದಳು. ಆಪರೇಷನ್ನಿನ ಅಮಲು ಇನ್ನೂ ಪೂರ್ತಿ ಇಳಿದಿರಲಿಲ್ಲ ಹುಡುಗಿಗೆ. "ಈಗರ ಬುದ್ಧಿ ಬಂತಿಲ್ಲೋ?" ಎಂದೆ ನೀನು. ನರ್ಸ್ ಕೇರಳದವಳು, ಅವಳಿಗೆ ಕನ್ನಡ ತಿಳಿಯದು, ಆದರೂ ದನಿ ಕೇಳಿ ಫೋನು ಕಸಿದು ನಿನ್ನ ಅವ್ವನ ಕೈಗೆ ತುರುಕಿದಳು. ರಜೆ ಸಿಗಲಿಲ್ಲ ಎಂದು ನೀನು ಬರಲಿಲ್ಲ.

ನಾನು ಆಗಲೂ ಬಾಯಿ ಬಿಡಲಿಲ್ಲ. ನಾಲ್ಕನೆಯ ದಿನ ನರಹರಿ ಭಾವು ಆಸ್ಪತ್ರೆಗೆ ಬಂದ. ಮುರಿದ ಸೈಕಲ್ಲನ್ನು ಪ್ರವೀಣ ಅವನ ಅಂಗಡಿಯಲ್ಲಿ ಇಟ್ಟಿದ್ದ. ಜಾಳಿಗೆ ಇಲ್ಲದ್ದನ್ನು ಕಂಡ ಮುದುಕ, ತಾನು ಸ್ಕ್ರೂ ಸರಿಯಾಗಿ ಬಿಗಿ ಮಾಡಿರಲಿಲ್ಲ, ದಾರಿಯಲ್ಲಿ ಕಳಚಿ ಬಿದ್ದಿದೆ ಎಂದು ತಿಳಿದ. ಟೋಪಿ ಕೈಯಲ್ಲಿ ಹಿಡಿದು ಹಾಸಿಗೆಯ ಕಾಲ ಬಳಿ ನಿಂತು, "ಮೈನೇ ಖುದ್ ಕಸಾ ಥಾ ಬೇಟೀ, ಮೇರೀ ಆಂಖೇಂ ಗಯೀ ಅಬ್" ಎಂದು ಅತ್ತ. ತಾನೇ ಬಿಗಿ ಮಾಡಿದ್ದು, ತನ್ನ ಕಣ್ಣು ಹೋಗಿದೆ ಎಂದು. ನಿನ್ನ ಅವ್ವ ವಾರ್ಡಿನ ಮಂದಿಯೆಲ್ಲ ಕೇಳುವ ಹಾಗೆ ಅವನನ್ನು ಬೈದಳು. ಮುದುಕ ಅವಳಿಗೆ ಕೈ ಮುಗಿದು ಕ್ಷಮೆ ಕೇಳಿದ. ಅವಳು, "ಜಾಯಿಯೇ, ಮಾಫ್ ಕಿಯಾ" ಎಂದು ಕ್ಷಮಿಸಿ ಕಳಿಸಿದಳು. ಅಲ್ಲೇ, ಎರಡು ಅಡಿ ದೂರದಲ್ಲಿ, ನಾನು ಕಿತ್ತಳೆ ಹಣ್ಣಿನ ಸಿಪ್ಪೆ ಸುಲಿಯುತ್ತ ಕುಳಿತಿದ್ದೆ. ವಾರದ ನಂತರ ಅವನ ಅಂಗಡಿಗೆ ಹೋದೆ, ನಿಜ ಹೇಳೋಣವೆಂದು. ಬಾಗಿಲು ಹಾಕಿತ್ತು. ಸ್ಪ್ಯಾನರ್ ಹಿಡಿಯುವ ಯೋಗ್ಯತೆ ತನಗಿಲ್ಲ ಎಂದು ಸಾಮಾನೆಲ್ಲ ಮಾರಿ ಕನ್ಹಾನ್‌ನಲ್ಲಿರುವ ಮಗಳ ಮನೆಗೆ ಹೋದ ಎಂದು ಪಕ್ಕದವರು ಹೇಳಿದರು. ನಲವತ್ತೈದು ವರ್ಷದ ಅಂಗಡಿ.

ಅವತ್ತೇ ಆಸ್ಪತ್ರೆಗೆ ಹೋಗಿ, ಗದಗಿನಿಂದ ಬಂದಿದ್ದ ಅವಳ ತಾಯಿ ಹೊರಗೆ ಹೋಗಿದ್ದಾಗ, ಅಮೂಲ್ಯಾಗೆ ಎಲ್ಲವನ್ನೂ ಹೇಳಿದೆ. ಬುಧವಾರದ ಫೋನು, ಶುಕ್ರವಾರದ ಬೆಳಿಗ್ಗೆ, ಎಲ್ಲ. ಅವಳು ಅಳಬಹುದು, ನಿಮ್ಮ ತಪ್ಪಲ್ಲ ಬಿಡ್ರಿ ಎನ್ನಬಹುದು ಎಂದು ಒಳಗೊಳಗೇ ಕಾಯುತ್ತಿದ್ದೆನೇನೋ, ಸುಳ್ಳು ಯಾಕೆ ಹೇಳಲಿ. ಅವಳು ಅಳಲಿಲ್ಲ. ಬ್ಯಾಂಡೇಜಿನ ಕೈಯನ್ನು ಎತ್ತಿ ಎದೆಯ ಮೇಲಿಟ್ಟುಕೊಂಡಳು. ಆಮೇಲೆ, "ನೋಡಿ ಗೇಟ್ ತಗದ್ರೇನ್ರಿ?" ಎಂದು ಕೇಳಿದಳು. ಮಾವಾರ ಎನ್ನಲಿಲ್ಲ. ನಾನು ಹೌದು ಎಂದೆ. "ಅವರಿಬ್ಬರ ಕಡೆಯಿಂದ ನಾ ಏನೂ ಬಯಸಿದ್ದಿಲ್ಲ. ನಿಮ್ಮನ್ನ ನಂಬಿದ್ದೆ" ಎಂದಳು. ಗೋಡೆಯ ಕಡೆ ಹೊರಳಲು ಸೊಂಟ ಬಿಡುವುದಿಲ್ಲವಲ್ಲ, ಕಣ್ಣು ಮಾತ್ರ ಮುಚ್ಚಿಕೊಂಡಳು. ನಾನು ಎದ್ದು ಬಂದೆ. ಅವತ್ತಿನಿಂದ ಅವಳ ತಾಯಿ ನನ್ನನ್ನು ವಾರ್ಡಿನ ಬಾಗಿಲಲ್ಲೇ ತಡೆದು ಕಳಿಸುತ್ತಾರೆ. ಸರಿಯಾಗಿಯೇ ಮಾಡುತ್ತಾರೆ.

ನೀನು ಕೆಟ್ಟವನಾಗಿ ಹುಟ್ಟಿದೆ ಎಂದು ನಾನು ಹೇಳುವುದಿಲ್ಲ. ನನ್ನ ಮನೆಯಲ್ಲೇ ಬೆಳೆದೆ. ನಿನ್ನ ಅವ್ವ ನನ್ನ ತಾಯಿಯನ್ನು, ನನ್ನ ತಂಗಿಯನ್ನು ಹೇಗೆ ನಡೆಸಿಕೊಂಡಳು, ನಾನು ಹೇಗೆ ಪೇಪರ್ ಎತ್ತಿ ಮುಖ ಮುಚ್ಚಿಕೊಂಡೆ, ಎರಡನ್ನೂ ನೋಡುತ್ತ ಬೆಳೆದೆ. ಅವಳಿಂದ ಒಂದು ಕಲಿತೆ, ನನ್ನಿಂದ ಇನ್ನೊಂದು ಕಲಿತೆ. ಇಷ್ಟು ವರ್ಷ ಪ್ರತಿ ಕಾಗದದ ಕೊನೆಗೆ ಆಶೀರ್ವಾದ ಬರೆಯುತ್ತಿದ್ದೆ. ಈ ಸಲ ಆ ಪದ ಬರೆಯಲು ಕೂತು ಅರ್ಧ ಗಂಟೆಯಾಯಿತು, ಕೈ ಏಳಲಿಲ್ಲ. ಬೆಚ್ಚಗೆ ಉಡು, ಹೊತ್ತಿಗೆ ಸರಿಯಾಗಿ ಉಣ್ಣು. ಇಷ್ಟನ್ನೇ ಹಾರೈಸಬಲ್ಲೆ.

ನಿನ್ನ ಅಪ್ಪ,
ಗುಂಡಪ್ಪ

ಲಕೋಟೆ ಅಂಟಿಸುವ ಮುಂಚೆ, ಅವಸರದಲ್ಲಿ: ಶನಿವಾರ ಪೊಲೀಸ್ ಠಾಣೆಗೆ ಹೋಗಿ ಹೇಳಿಕೆ ಕೊಟ್ಟು ಬಂದೆ. ಬರೆದುಕೊಂಡ ಇನ್ಸ್‌ಪೆಕ್ಟರ್ ಕೊನೆಗೆ, ಕಾಕಾ, ಯಾರ ಯಾರ ಹೆಸರು ಹಾಕಲಿ ಎಂದು ಕೇಳಿದ. ಮೂರು ಹೇಳಿದೆ: ಯಲ್ಲಮ್ಮ, ನಂದೀಶ, ಗುಂಡಪ್ಪ. ಅಮೂಲ್ಯಾಳ ಹೇಳಿಕೆಯೂ ಆಗಿದೆ. ನಾಳೆ ಹನ್ನೊಂದಕ್ಕೆ ಪೊಲೀಸರು ಮನೆಗೆ ಬರುತ್ತಾರೆ. ನಿನಗೆ ಠಾಣೆಯ ಕರೆ ಅಲ್ಲಿಗೇ ಬರುತ್ತದೆ, ಆಗ ರಜೆ ಸಿಗುತ್ತದೆ. ನಿನ್ನ ಅವ್ವನಿಗೆ ಇನ್ನೂ ಹೇಳಿಲ್ಲ. ಅಡಿಗೆಮನೆಯಲ್ಲಿ ನಿನಗೆ ಕಳಿಸಲೆಂದು ಶೇಂಗಾ ಹುರಿಯುತ್ತಿದ್ದಾಳೆ, ಪಾರ್ಸೆಲ್ ನಾಳೆ ಮಧ್ಯಾಹ್ನ ಮಾಡೋಣ ಎಂದಳು. ಆಗಲಿ ಎಂದಿದ್ದೇನೆ.